ನಾಲ್ಕನೇ ಮನೆಗೆ ಬಿಳಿ ಶಾಲು

ಟಿಬೆಟ್, ಲಡಾಖ್ ಕಡೆಯ ಮಕ್ಕಳ ನಮ್ಮ ವಸತಿ ಶಾಲೆಯಲ್ಲಿ ಹಾಸ್ಟೆಲ್ ಎನ್ನುವುದಿಲ್ಲ, ಮನೆ ಎನ್ನುತ್ತೇವೆ. ಪ್ರತಿ ಮನೆಗೂ ಒಬ್ಬ ತಾಯಿ, ಅಂದರೆ ಆಮಾ. ದೊಡ್ಡ ಮಕ್ಕಳು ಚಿಕ್ಕವರ ತಲೆ ತೊಳೆಯಬೇಕು, ಹೇನೂ ಹೆಕ್ಕಬೇಕು. ಜಿಗಣಿಯ ಕಾರ್ಖಾನೆಗಳ ಬೆನ್ನಿಗೆ ಒಂದು ಬಾಡಿಗೆ ಮನೆಯಲ್ಲಿ ಶುರುವಾದ ಶಾಲೆ, ನಾನು ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ ಮೂರು ಮನೆಯಾಗಿತ್ತು. ನನ್ನದು ಟಿಬೆಟಿನ ಮುಖ, ಆನೇಕಲ್ಲಿನ ಕನ್ನಡ. ಹಾಗಾಗಿ ಓದು ಮುಗಿದ ಮೇಲೆ ಅಲ್ಲೇ ವಾರ್ಡನ್ ಆದೆ. ಬೇರೆ ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುವುದೂ ನಿಜ.

ಆ ಬೇಸಿಗೆಯಲ್ಲಿ ಹೊಸ ಮಕ್ಕಳು ಬಂದು ಒಂದೊಂದು ಮಂಚದಲ್ಲಿ ಇಬ್ಬರು ಮಲಗುತ್ತಿದ್ದರು. ಕಾಂಪೌಂಡಿನಾಚೆ ನಮ್ಮ ಬಾಡಿಗೆ ಮನೆಯ ಮಾಲೀಕರು ಕಟ್ಟಿಸಿದ ಹೊಸ ಕಟ್ಟಡ ಸಿಕ್ಕರೆ ನಾಲ್ಕನೇ ಮನೆ. ಸಿಗದಿದ್ದರೆ ಕೊನೆಗೆ ಬಂದ ಎಂಟು ಮಕ್ಕಳನ್ನು ಲಡಾಖಿಗೆ ವಾಪಸ್ ಕಳಿಸಬೇಕು. ಕಾರ್ಖಾನೆಯೊಂದು ತನ್ನ ಕೆಲಸಗಾರರಿಗೆಂದು ಅದೇ ಕಟ್ಟಡ ಕೇಳುತ್ತಿತ್ತು. ಮಾಲೀಕರು ಒಂದು ತಿಂಗಳು ಸತಾಯಿಸಿ, "ಭಾನುವಾರ ಬನ್ನಿ, ಬೀಗದಕೈ ತಗೊಂಡೋಗಿ" ಅಂದರು.

ಮಾತಿಗೆ ಮುಂಚೆ ಮೂರು ಸಲ ಕೆಮ್ಮುವುದು ಅವರ ಅಭ್ಯಾಸ. ಮೂರನೆಯದು ಹಳೇ ಟೆಂಪೋ ಸ್ಟಾರ್ಟ್ ಮಾಡಿದ ಹಾಗೆ. ಸಂಜೆ ಹೊತ್ತು ಅಳುವ ಮಕ್ಕಳನ್ನು ನಾನು ನಗಿಸುತ್ತಿದ್ದದ್ದು ಆ ಕೆಮ್ಮನ್ನು ಅಣಕಿಸಿಯೇ.

ಭಾನುವಾರ ಹೊರಡುವಾಗ ನಮ್ಮ ಮನೆಯ ಆಮಾ ಬಿಳಿ ರೇಷ್ಮೆ ಶಾಲು ಕೈಗೆತ್ತಿಕೊಂಡರು. ನಮ್ಮಲ್ಲಿ ಹಿರಿಯರಿಗೆ ಮರ್ಯಾದೆ ಮಾಡುವುದು ಅದನ್ನು ಹಾಕಿಯೇ. "ಇಲ್ಲಿಯವರು ಏನಾದರೂ ಅಂದುಕೊಂಡರೆ?" ಎಂದು ಅನುಮಾನಿಸಿದರು.

ಎಲ್ಲ ಬಲ್ಲ ನಾನು, "ಧೈರ್ಯವಾಗಿ ಹಾಕಿ ಆಮಾ. ಇಲ್ಲಿ ಶಾಲು ಹೊದಿಸಿಕೊಳ್ಳೋಕೆ ಜನ ಕ್ಯೂ ನಿಂತಿರ್ತಾರೆ" ಅಂದೆ.

ನಮ್ಮ ಕಾಂಪೌಂಡಿನ ಗೋಡೆಗೆ ಅಂಟಿದ ಮಾಲೀಕರ ಮನೆಯ ಜಗಲಿಯಲ್ಲಿ, ಮಂಚದ ಮೇಲೆ ಅವರ ತಾಯಿ ಅಂಗಾತ ಮಲಗಿದ್ದರು. ಆಸ್ಪತ್ರೆಯಿಂದ ಬಂದು ಎರಡೇ ದಿನವಾಗಿತ್ತು. ಮನೆಗೆ ಹಿರಿಯರು ಅವರೇ ಅಲ್ಲವೇ? ಆಮಾ ಬಾಗಿ, ಕತ್ತಿನಿಂದ ಮೊಣಕಾಲಿನವರೆಗೆ ಶಾಲನ್ನು ನೀಟಾಗಿ ಹೊದಿಸಿದರು.

ಸೊಸೆಯ ಕೈಯಿಂದ ಕಾಫಿ ಲೋಟ ಜಾರಿತು. "ಅಯ್ಯೋ! ಉಸಿರಾಡ್ತಿರೋರ್ ಮೇಲೆ ಬಿಳೀ ಬಟ್ಟೆ ಆಕ್ಬಿಟ್ರಲ್ಲ!"

ಮಾಲೀಕರು ಚಾಚಿದ್ದ ಬೀಗದಕೈಯನ್ನು ಜೇಬಿಗೆ ಇಳಿಸಿದರು. ಕೆಮ್ಮಲಿಲ್ಲ. ಅವರು ಕೆಮ್ಮದೆ ಮಾತಾಡಿದ್ದು ಅದೇ ಮೊದಲು. "ಎದ್ದೋಗಿ."

ಆಮಾ ನನ್ನ ಮುಖ ನೋಡಿದರು. ಎಂಟು ಮಕ್ಕಳೂ ಅವರ ಹಿಂದೆ ನಿಂತು ನೋಡಿದಂತಾಯಿತು.

"ತಪ್ಪು ನಂದು ಸಾರ್, ಹಾಕಿ ಅಂದಿದ್ದು ನಾನೇ. ನಮ್ಮಲ್ಲಿ ಇದು ಹಾರ ಇದ್ದಂಗೆ. ಹಿರಿಯರು ಅದನ್ನ ಕೊಟ್ಟೋರ ಕತ್ತಿಗೇ ವಾಪಸ್ ಹಾಕಿದ್ರೆ ಆಶೀರ್ವಾದ."

ಮಂಚದಿಂದ ಸಣ್ಣ ದನಿ ಬಂತು. "ವಾಪಸ್ ತಗಂತೀರಾ?"

"ತಗೋತೀವಿ ಅಜ್ಜಿ."

ಅಜ್ಜಿ ಒಂದು ಮೊಣಕೈ ಊರಿದರು. ಜಾರಿತು. ಹಿಡಿಯಲು ಯಾರಿಗೂ ಧೈರ್ಯವಾಗಲಿಲ್ಲ. ಎರಡನೇ ಸಲಕ್ಕೆ ಎದ್ದು ಕೂತು, ಶಾಲನ್ನು ಮುದುರಿ ಆಮಾ ಕತ್ತಿಗೆ ಹಾಕಿದರು. "ತಗಳವ್ವಾ, ನಂಗಿನ್ನೂ ಬ್ಯಾಡ. ಲೋ ಮಗಾ, ಬೀಗದಕೈ ಕೊಡೋ."

ಮಾಲೀಕರು ಅಲ್ಲಾಡಲಿಲ್ಲ.

"ದಿನಾ ಸಂಜೆ ಗೋಡೆ ಆಚೆ ನಿನ್ನಂಗೇ ಕೆಮ್ತಾನಲ್ಲ, ದನಿ ಅದೇ, ಇವನೇ ಕಣೋ ಅವ್ನು" ಎಂದು ಅಜ್ಜಿ ನನ್ನತ್ತ ಬೆರಳು ತೋರಿಸಿದರು.

ಮಾಲೀಕರು ನಿಧಾನಕ್ಕೆ ತಿರುಗಿದರು. "ಎಲ್ಲಿ, ಕೆಮ್ಮು."

ಬಾಯಿ ತೆರೆದೆ. ಕೆಮ್ಮಿನ ಬದಲು ಬೆಕ್ಕಿನ ಮರಿಯ ಸದ್ದು ಹೊರಟಿತು.

ಮಾಲೀಕರು ಮೂರು ಸಲ ಕೆಮ್ಮಿದರು. ಮೂರನೆಯದಕ್ಕೆ ಜಗಲಿಯ ಕೋಳಿ ಹಾರಿಹೋಯಿತು.

"ಇಂಗೆ" ಎಂದು, ಜೇಬಿನಿಂದ ಬೀಗದಕೈ ತೆಗೆದು ನನ್ನ ಕೈಗಿಟ್ಟರು.