ಒಂಟಿ ಸೀನು

ಮಗಳ ಒಪ್ಪಿಗೆ ಶಾಸ್ತ್ರಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ಹೊಸದುರ್ಗದಿಂದ ಬಂದ ನಮ್ಮ ಯಜಮಾನರ ಅಕ್ಕ ಚೀಲ ಕೆಳಗಿಡೋಕೆ ಮೊದ್ಲೇ ಅಂದ್ರು: "ಗಂಡಿನವರು ಎಲೆ ಅಡಿಕೆ ಬದಲಾಯಿಸೋ ಹೊತ್ತಿಗೆ ನೀನು ಅಡಿಗೆ ಮನೇಲಿರಮ್ಮ. ನಿಂದು ಒಂಟಿ ಸೀನು. ಅಪಶಕುನ ಅಂತ ತಟ್ಟೆ ಕೆಳಗಿಟ್ಟು ಎದ್ದು ಹೋದ್ರೆ ಏನ್ ಮಾಡ್ತಿ?"

ಮೈಯೆಲ್ಲ ಉರೀತು. ಹೆತ್ತೋಳು ನಾನು, ಒಗ್ಗರಣೆ ಹೊಗೇಲಿ ಕುಂತು ಮಗಳ ಶಾಸ್ತ್ರ ಕೇಳಿಸ್ಕೋಬೇಕಾ? ಆದ್ರೆ ಅವರಂದದ್ದು ಸುಳ್ಳೂ ಅಲ್ಲ. ನಮ್ಮ ತಾಳ್ಯದಲ್ಲಿ ಮೆಕ್ಕೆಜೋಳ ಬಿಡಿಸೋ ಮಿಷನ್ ಶುರುವಾದ್ರೆ ಸಾಕು, ಆ ಧೂಳಿಗೆ ಒಂದೊಂದೇ ಸೀನು ಬರ್ತೈತೆ, ನನ್ನ ಮೂಗು ಸೋರ್ತೈತೆ, ಎದೆ ಗೊರಗೊರ ಅಂತೈತೆ. ಡಾಕ್ಟರು ಕೊಟ್ಟ ಮಾತ್ರೆ ನುಂಗಿದ್ರೆ ಸೀನು ನಿಲ್ತೈತೆ, ಕುಂತಲ್ಲೇ ತೂಕಡಿಕೆ ಬರ್ತೈತೆ. ಬೀಗರ ಮುಂದೆ ತೂಕಡಿಸಿದ್ರೆ ಅದಕ್ಕೂ ಒಂದು ಹೆಸರಿಡ್ತಾರೆ.

ಚಿತ್ರದುರ್ಗಕ್ಕೆ ಹೋಗಿ ಗಿಡಮೂಲಿಕೆ ಮಾತ್ರೆ ತಂದೆ. ಆಡುಸೋಗೆ, ಹಿಪ್ಪಲಿ, ತುಳಸಿ ಅಂತ ಡಬ್ಬಿ ಮೇಲೆ ಬರೆದಿತ್ತು. ದಿನಕ್ಕೆ ಎರಡು ಅಂದಿದ್ರೆ ನಾನು ನಾಲ್ಕು ನುಂಗ್ದೆ, ಸೊಪ್ಪು ಬೇರು ತಾನೆ, ಏನಾಗ್ತೈತೆ ಅಂತ. ಹೊಟ್ಟೆ ಉರಿ ಹತ್ಕೊಂತು. ಮತ್ತೆ ಎರಡಕ್ಕೇ ಇಳಿಸ್ದೆ. ಬೆಳಿಗ್ಗೆ ಎದ್ದರೆ ಮೂಗು ಕಾಯೋದೇ ಕೆಲಸ. ಒಂದಿನ ಸೀನು ಬರೋದು, ಇನ್ನೊಂದಿನ ಇಲ್ಲ. ಮಾತ್ರೆ ಗುಣವೋ, ಮಿಷನ್ ನಿಂತಿತ್ತೋ, ಯಾರಿಗ್ಗೊತ್ತು. ಕಸಬರಿಗೆ ಮುಟ್ಟೋಕೂ ಹೆದರಿಕೆ, ಕಿಟಕಿ ತೆಗೆಯೋಕೂ ಹೆದರಿಕೆ. ಕುಂತರೆ ನಿಂತರೆ ಸಮಾಧಾನ ಇಲ್ಲ.

ಶಾಸ್ತ್ರದ ದಿನ ಹಟ ಹಿಡಿದು ಮಗಳ ಪಕ್ಕದಲ್ಲೇ ಕುಂತೆ. ಯಾರೋ ಲೋಬಾನದ ಹೊಗೆ ಹಾಕಿದ್ರು. ಮೂಗಿನೊಳಗೆ ಇರುವೆ ಹರಿದಂಗಾತು. ಸೆರಗು ಒತ್ತಿ ಹಿಡ್ಕೊಂಡೆ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸೀನು ಕೇಳಿಸ್ತು. ನಂದಲ್ಲ, ಮಗಳದು. ಒಂದೇ ಒಂದು.

ಗಂಡಿನ ಅಜ್ಜ ತಟ್ಟೆ ಹಿಡಿದ ಕೈ ಹಂಗೇ ನಿಲ್ಲಿಸಿದ್ರು. ನಾನು ಸೆರಗು ಬಿಟ್ಟೆ. ತಡೆದಿಟ್ಟಿದ್ದ ಸೀನು ಪಡಸಾಲೆ ಅದುರೋ ಹಂಗೆ ಬಂತು.

"ಜೋಡಿ ಸೀನಾತು, ದೋಷ ಇಲ್ಲ, ಹಿಡೀರಿ" ಅಂದ್ರು ಅಜ್ಜ. ಎಲ್ಲರೂ ನಕ್ಕರು, ಯಜಮಾನರ ಅಕ್ಕನೂ ನಕ್ಕರು.

ನಂಗೆ ನಗು ಬರಲಿಲ್ಲ. ಮಗಳು ಮೂಗು ಒರೆಸ್ಕೊಂಡು ಮೆತ್ತಗೆ ಅಂದ್ಲು: "ನಂಗೂ ನಿನ್ನಂಗೇ ಸೀನು ಶುರುವಾಗಿ ಎರಡು ತಿಂಗಳಾತು ಅವ್ವ, ನಿಂಗೆ ಹೇಳಿರ್ಲಿಲ್ಲ." ನಾಳೆ ಗಂಡನ ಮನೇಲಿ ಇವಳು ಒಬ್ಬಳೇ ಸೀನಿದಾಗ ಜೋಡಿಗೆ ಯಾರು ಸೀನ್ತಾರೆ?