ಸೈರನ್ ಮಾವನ ಭಾಷಣ

ಅಗ್ನಿಶಾಮಕ ಠಾಣೆಯಲ್ಲಿ ಜೀವಮಾನವಿಡೀ ಗಾಡಿ ಓಡಿಸಿದ ಆ ಮನುಷ್ಯನಿಗೆ ಸೈರನ್ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಪಕ್ಕದ ಮನೆಯವರನ್ನು ಮಾತಾಡಿಸಲು ಅವನು ಬಾಗಿಲು ತೆಗೆಯಬೇಕಾದ್ದೇ ಇರಲಿಲ್ಲ. ಕೂತರೆ ಮಾತು, ನಿಂತರೆ ಮಾತು. ಅಂಥವನು ಒಂದು ವಾರದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಹೆಂಡತಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ಗಾಬರಿಯಾಯಿತು.

ಕಾರಣ ಇಷ್ಟೇ. ಠಾಣೆಯಲ್ಲಿ ನಿವೃತ್ತರಿಗೆ ಸನ್ಮಾನ, ಕೆಲಸದಲ್ಲಿ ಜೀವ ಕೊಟ್ಟವರಿಗೆ ಗೌರವ. ಅಲ್ಲಿ ಇವನು ಗೊಣಗನ ಬಗ್ಗೆ ಮಾತಾಡಬೇಕು. ಗೊಣಗ ಅಂದರೆ ಗಾಡಿಯಲ್ಲಿ ಇವನ ಪಕ್ಕ ಕೂರುತ್ತಿದ್ದ ಜೊತೆಗಾರ. ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ಹೋದವನು ಹೊರಗೆ ಬರಲಿಲ್ಲ. ಆಗ ತೊಟ್ಟಿಲಲ್ಲಿದ್ದ ಅವನ ಮಗಳು ಈಗ ಬೆಳೆದು ನಿಂತಿದ್ದಾಳೆ. ಅವಳೇ ಫೋನ್ ಮಾಡಿ ಕೇಳಿದ್ದಳು: "ಮಾವ, ಅಪ್ಪ ಹೆಂಗಿದ್ರು ಅಂತ ನಿಜ ಹೇಳ್ತೀರಾ? ಯಾರನ್ನ ಕೇಳಿದ್ರೂ ಧೈರ್ಯವಂತ, ಧೈರ್ಯವಂತ ಅಂತಾರೆ. ಅಷ್ಟೇನಾ ನಮ್ಮಪ್ಪ?"

ಹೇಳ್ತೀನಮ್ಮ ಅಂತ ಮಾತು ಕೊಟ್ಟುಬಿಟ್ಟಿದ್ದ. ಕೊಡೋದು ಸುಲಭ, ಮಹರಾಯ! ಅಡುಗೆಮನೆಯಲ್ಲಿ ನಿಂತು "ಮಾನ್ಯರೇ" ಅಂದ. ಅಲ್ಲಿಗೇ ನಿಂತ.

"ಮಾನ್ಯರೇ ಆದ್ಮೇಲೆ?" ಅಂದಳು ಹೆಂಡತಿ.

"ಅದೇ ಗೊತ್ತಾಗ್ತಿಲ್ಲ ಕಣೇ."

ಸಮಾರಂಭ ಗಾಡಿ ನಿಲ್ಲಿಸುವ ಶೆಡ್ಡಿನಲ್ಲೇ. ಗಾಡಿಯನ್ನು ತಿಕ್ಕಿ ತೊಳೆದು ಒಂದು ಬದಿಗೆ ನಿಲ್ಲಿಸಿದ್ದರು. ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ನಿವೃತ್ತರೆಲ್ಲ ಮುಂದಿನ ಸಾಲು, ಹಿಂದೆ ಗೊಣಗನ ಮಗಳು. ಹೊಸ ಅಧಿಕಾರಿ ಗೊಣಗನ ಬಗ್ಗೆ ಹೇಳಿದ: "ಅವರಿಗೆ ಭಯ ಎಂದರೇನೆಂದೇ ಗೊತ್ತಿರಲಿಲ್ಲ." ಹುಡುಗಿ ತಲೆ ತಗ್ಗಿಸಿದಳು. ಸೈರನ್‌ಗೆ ಮೈಯೆಲ್ಲ ಉರಿಯಿತು. ಆ ಅಧಿಕಾರಿ ಗೊಣಗನನ್ನು ಕಂಡಿದ್ದಾದರೂ ಯಾವಾಗ?

ಇವನ ಸರದಿ ಬಂತು. ಹೋದ, ಮೈಕು ಹಿಡಿದ, "ಮಾನ್ಯರೇ" ಅಂದ. ಬೆವೆತ. ಇಳಿದು ಬಂದು ಕೂತ. ಹುಡುಗಿಯ ಮುಖ ಬಾಡಿಹೋಯಿತು. ಅದನ್ನು ನೋಡಿ ಇವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಡಿದವರ ನೆನಪಿಗೆ ಈಗ ಗಂಟೆ ಬಾರಿಸುತ್ತೇವೆ ಅಂದ ಅಧಿಕಾರಿ. ಸರಿಯಪ್ಪಾ, ಬಾರಿಸು. ಆದರೆ ಆ ಪುಣ್ಯಾತ್ಮ ಒತ್ತಿದ್ದು ಬೆಂಕಿ ಬಿದ್ದಾಗ ಕರೆಯುವ ಗಂಟೆಯನ್ನು! ಪಾಪ, ಹೊಸಬ. ಎದುರಿಗೆ ಎಂಥವರು ಕೂತಿದ್ದಾರೆ ಅಂತ ಒಂದು ಸಲ ಯೋಚಿಸಬಾರದಾ?

ಗಂಟೆ ಕೇಳಿದ್ದೇ ತಡ, ಮುಂದಿನ ಸಾಲು ಪೂರ್ತಿ ಎದ್ದು ಓಡಿತು. ಕುರ್ಚಿಗಳು ಮಗುಚಿದವು. ಮಂಡಿ ಆಪರೇಷನ್ ಆದವನು ಕೋಲು ಬಿಸಾಕಿ ಎಲ್ಲರಿಗಿಂತ ಮುಂದೆ ಹೋದ. ಅಡ್ಡ ಬಂದ ಮುಖ್ಯ ಅತಿಥಿಯ ಒಂದು ಚಪ್ಪಲಿ ಎಲ್ಲೋ ಹೋಯಿತು. ಸೈರನ್ ಆಗಲೇ ಸ್ಟೇರಿಂಗ್ ಹಿಡಿದು ಕೂತು, ಪಕ್ಕಕ್ಕೆ ತಿರುಗಿ ಶೆಡ್ಡು ನಡುಗುವಂತೆ ಕಿರುಚಿದ:

"ಏಯ್, ಹತ್ತೋ ದರಿದ್ರದವನೇ! ದಿನಾ ಕೈ ಹಿಡಿದು ಎಳೀಬೇಕಾ? ಏಣಿ ಅಂದ್ರೆ ಹೆದರಿ ಸಾಯೋನು ಈ ಕೆಲಸಕ್ಕೆ ಯಾಕೋ ಬಂದೆ?"

ಗಂಟೆ ನಿಂತಿತು. ಪಕ್ಕದ ಸೀಟು ಖಾಲಿ ಇತ್ತು. ಅಯ್ಯೋ ದೇವರೇ ಅಂತ ಸೈರನ್ ತಲೆ ಮೇಲೆ ಕೈ ಹೊತ್ತ. ಅಷ್ಟರಲ್ಲಿ ಬಾಗಿಲು ತೆಗೆದು ಗೊಣಗನ ಮಗಳು ಆ ಸೀಟಿಗೆ ಹತ್ತಿ ಕೂತಳು.

"ಅಪ್ಪಂಗೆ ಭಯ ಆಗ್ತಿತ್ತಾ ಮಾವ?"

"ಆಗ್ತಿತ್ತಾ ಅಂತೀಯಾ? ಗಡಗಡ ನಡುಗೋನು! ನನ್ನನ್ನ, ಸಾಹೇಬರನ್ನ, ಏಣಿ ಮಾಡಿದೋನ ವಂಶಾನೆಲ್ಲ ಬೈಕೊಂಡು ಹತ್ತೋನು. ಒಂದ್ಸಲ ಒಬ್ಬ ಅಜ್ಜೀನ ಹೆಗಲ ಮೇಲೆ ಹೊತ್ಕೊಂಡು ಇಳೀತಾ ಬೈತಿದ್ದ. ಆಯಮ್ಮ ತನ್ನನ್ನೇ ಬೈತಾನೆ ಅಂದ್ಕೊಂಡು ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು."

ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಅಷ್ಟು ಭಯ ಆದ್ರೂ ಹತ್ತೋರಾ?"

"ಒಂದು ದಿನಾನೂ ಹತ್ತಲ್ಲ ಅನ್ನಲಿಲ್ಲ ಕಣಮ್ಮ."

"ನಂಗೂ ಎತ್ತರ ಅಂದ್ರೆ ಕಾಲು ನಡುಗುತ್ತೆ ಮಾವ. ಅಂಥಾ ಅಪ್ಪಂಗೆ ಇಂಥಾ ಪುಕ್ಕಲು ಮಗಳಾ ಅಂತ ಎಲ್ಲಾರೂ ನಗೋರು. ನಾನು ಅವರ ಥರ ಒಂಚೂರೂ ಇಲ್ವೇನೋ ಅಂದ್ಕೊಂಡಿದ್ದೆ."

ಸೈರನ್ ಬೀದಿಗೂ ಕೇಳುವ ಹಾಗೆ ಕೂಗಿದ:

"ಯಾವನಮ್ಮಾ ಹಾಗಂದಿದ್ದು? ಕರ್ಕೊಂಡು ಬಾ ಇಲ್ಲಿ! ನೀನು ಅವನ ಮಗಳೇ ಕಣೇ, ಥೇಟ್ ಅವನೇ!"