ಮಂಜುಗಡ್ಡೆಯ ಮೇಲೆ ರೈವೊನ ಟರ್ಬೊ ಕಾರು

ಹೀಯುಮಾ ದ್ವೀಪದಲ್ಲಿ ರೈವೊ ಎಂದರೆ ಒಲೆ ಕಟ್ಟುವ ರೈವೊ. ಇಟ್ಟಿಗೆಯ ಒಲೆಗೆ ಎಷ್ಟು ಗಾಳಿ ಬೇಕು, ಹೊಗೆ ಯಾವ ದಾರಿ ಹಿಡಿಯಬೇಕು ಎಂದು ಬಲ್ಲವನು. ಮೈಮೇಲೆ ಸದಾ ಮಸಿ, ಸುಣ್ಣ. ಅವನ ಕಾರು ಮಾತ್ರ ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಸ್ವೀಡನ್ನಿನ ಹಳೆಯ ಉದ್ದನೆಯ ಕಾರು ಅದು. ಅದರ ಟರ್ಬೊ ಕಿತ್ತು ದೊಡ್ಡದೊಂದನ್ನು ಕೂರಿಸಿ, ಎಂಜಿನ್ನಿನ ಲೆಕ್ಕಾಚಾರವನ್ನೆಲ್ಲ ಕಂಪ್ಯೂಟರಿನಲ್ಲಿ ತಿದ್ದಿಸಿ, ಹುಟ್ಟಿದಾಗ ಇದ್ದ ಬಲದ ಎರಡು ಪಟ್ಟು ತುಂಬಿಸಿದ್ದ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಊರು ನಗುತ್ತಿತ್ತು. ಚಳಿಗಾಲದ ಬೆಳಗ್ಗೆ ಎಣ್ಣೆ ಬೆಚ್ಚಗಾಗುವ ತನಕ ಅವನು ಗೇರು ಹಾಕುತ್ತಿರಲಿಲ್ಲ. ಸಂಜೆ ಮನೆ ಮುಟ್ಟಿದ ಮೇಲೂ ಟರ್ಬೊ ತಣಿಯಲಿ ಎಂದು ಎಂಜಿನ್ ಆರಿಸದೆ ಕೂತಿರುತ್ತಿದ್ದ. ಪಕ್ಕದ ಮನೆಯ ಆಂಟ್ಸ್ ಬೇಲಿಯಾಚೆಯಿಂದ, "ಬಾಣಂತನ ಮುಗೀತೇನೋ ರೈವೊ?" ಎಂದು ದಿನವೂ ಕೇಳುತ್ತಿದ್ದ.

ಇಷ್ಟೆಲ್ಲ ಬಲ ಕಾರಿಗಿತ್ತೇ ಹೊರತು ಕಾರಿನ ಯಜಮಾನನಿಗಿರಲಿಲ್ಲ. ರೈವೊನಿಗೆ ಹೆಪ್ಪುಗಟ್ಟಿದ ಸಮುದ್ರ ಎಂದರೆ ಜೀವಭಯ. ಅವನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಬಲೆ ಎತ್ತಲು ಮಂಜುಗಡ್ಡೆಯ ಮೇಲೆ ಹೋದವನು ತಿರುಗಿ ಬರಲಿಲ್ಲ. ಒಡೆದ ಗಡ್ಡೆಯ ಪಕ್ಕ ಟೊಪ್ಪಿಗೆ ಸಿಕ್ಕಿತ್ತು, ಅಷ್ಟೆ. ಚಳಿ ಬಲಿತ ವರ್ಷಗಳಲ್ಲಿ ದ್ವೀಪದಿಂದ ಆಚೆ ದಡಕ್ಕೆ ಕಡಲ ಮೇಲೇ ದಾರಿ ತೆರೆಯುತ್ತಾರೆ. ಊರಿಗೆ ಊರೇ ಕಾರು ಹತ್ತಿ ಜಾತ್ರೆಗೆ ಹೊರಟಂತೆ ಹೊರಡುತ್ತದೆ. ರೈವೊ ಆಗ ಹಡಗಿನ ಟಿಕೆಟ್ಟು ಕೊಳ್ಳುತ್ತಿದ್ದ. ಟರ್ಬೊಗೆ ಉಪ್ಪು ನೀರು ಒಗ್ಗುವುದಿಲ್ಲ ಎಂದು ನೆಪ ಹೇಳುತ್ತಿದ್ದ. ಅಸಲು ಕಾರಣ ಗೊತ್ತಿದ್ದವಳು ಹೆಂಡತಿ ಹೆಲ್ವೆ ಒಬ್ಬಳೇ, ಅವಳು ಎಲ್ಲೂ ಬಾಯಿಬಿಟ್ಟವಳಲ್ಲ.

ಹೆಲ್ವೆ ಬಟ್ಟೆ ಹೊಲಿಯುವವಳು. ಅವಳ ಎಡಗಣ್ಣು ಹುಟ್ಟಿನಿಂದಲೇ ಮಬ್ಬು, ದುಡಿದದ್ದೆಲ್ಲ ಬಲಗಣ್ಣು. ಆ ಫೆಬ್ರವರಿಯ ಒಂದು ಬೆಳಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳಿಗೆ ಬಲಗಣ್ಣಿನಲ್ಲಿ ಮಿಂಚು ಹೊಡೆದ ಹಾಗಾಯಿತು. ಆಮೇಲೆ ಅಂಚಿನಿಂದ ಕಪ್ಪು ಬಟ್ಟೆಯೊಂದು ಸರಿಯತೊಡಗಿತು. ದ್ವೀಪದ ಡಾಕ್ಟರು ನೋಡಿ ಮುಖ ಗಂಭೀರ ಮಾಡಿದರು. ಕಣ್ಣಿನ ಒಳಪದರ ಗೋಡೆಯ ಕಾಗದದ ಹಾಗೆ ಕಿತ್ತು ಬರುತ್ತಿದೆ, ಆ ಕಪ್ಪು ನಡುವಿಗೆ ಬರುವ ಮೊದಲು ಆಚೆ ದಡದ ರಾಜಧಾನಿ ತಾಲಿನ್ನಿನಲ್ಲಿ ಆಪರೇಷನ್ ಆದರೆ ದೃಷ್ಟಿ ಉಳಿಯುತ್ತದೆ, ನಡುವಿಗೆ ಬಂದ ಮೇಲೆ ಏನೇ ಮಾಡಿದರೂ ಮೊದಲಿನಂತೆ ಆಗುವುದಿಲ್ಲ ಎಂದರು.

ಹಡಗು ನಿಂತುಹೋಗಿತ್ತು. ಮೂಡಣ ಗಾಳಿ ನೀರನ್ನೆಲ್ಲ ಆಚೆ ತಳ್ಳಿ, ಹಡಗಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ಸಮುದ್ರ ಇಳಿದಿತ್ತು. ಹೆಲಿಕಾಪ್ಟರು ಸಾಯುವವರಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಮಂಜುಗಡ್ಡೆಯ ದಾರಿ ಹೊಸದಾಗಿ ತೆರೆದಿತ್ತು, ಆಂಬುಲೆನ್ಸಿನಷ್ಟು ಭಾರಕ್ಕೆ ಇನ್ನೂ ಅನುಮತಿಯಿರಲಿಲ್ಲ. ತಾನು ಕರೆದುಕೊಂಡು ಹೋಗುತ್ತೇನೆಂದು ಆಂಟ್ಸ್ ಬಂದು ನಿಂತ. ಬೇಡವೆಂದ ರೈವೊ. ಅವಳು ಕಡಲ ಮೇಲಿದ್ದು ತಾನು ದಡದಲ್ಲಿ ನಿಂತು ಕಾಯುವುದನ್ನು ನೆನೆಸಿಕೊಂಡರೆ, ಕಡಲಿಗೆ ಇಳಿಯುವುದೇ ವಾಸಿ ಅನ್ನಿಸಿತ್ತು.

ದಾರಿ ಶುರುವಾಗುವಲ್ಲಿ ಕಾವಲಿನ ಹುಡುಗಿ ನಿಯಮ ಒಪ್ಪಿಸಿದಳು. ಗಡ್ಡೆ ಒಡೆದರೆ ಹೊರಗೆ ಹಾರಲು ಸೀಟ್ ಬೆಲ್ಟ್ ಬಿಚ್ಚಿರಬೇಕು, ಬಾಗಿಲಿಗೆ ಲಾಕ್ ಹಾಕಬಾರದು, ಎಲ್ಲೂ ನಿಲ್ಲಿಸಬಾರದು. ವೇಗ ಇಪ್ಪತ್ತೈದರ ಒಳಗಿರಬೇಕು, ಇಲ್ಲವೇ ನಲವತ್ತರ ಮೇಲಿರಬೇಕು. ನಡುವಿನ ವೇಗದಲ್ಲಿ ಓಡಿಸಿದರೆ ಗಡ್ಡೆಯ ಕೆಳಗೆ ಅಲೆ ಎದ್ದು, ಕಾರಿನ ಜೊತೆಗೇ ಓಡಿ ಗಡ್ಡೆಯನ್ನು ಒಡೆಯುತ್ತದೆ. ದ್ವೀಪದ ಮಕ್ಕಳಿಗೂ ಗೊತ್ತಿರುವ ಮಾತು ಇದು. ಆದರೂ ರೈವೊ ಹೊಸದಾಗಿ ಕೇಳಿದವನಂತೆ ಬೆವೆತ.

ತಪ್ಪು ಆದದ್ದು ಅಲ್ಲೇ. ಟರ್ಬೊ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಕೊರೆಯುವ ಚಳಿಯಲ್ಲಿ ಗಾಳಿಯೇ ದಪ್ಪ, ಒತ್ತಡ ತಾನಾಗಿ ಏರುತ್ತದೆ. ಅದಕ್ಕೆ ಅವನು ಚಳಿಗಾಲ ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಕೆಳಗಿನ ನಾಬು ತಿರುಗಿಸಿ ಒತ್ತಡ ಇಳಿಸಿಡುತ್ತಿದ್ದ. ತನಗೆ ತಾನೇ ಮಾಡಿಕೊಂಡ ಕಟ್ಟಳೆ ಅದು, ಒಂದು ವರ್ಷವೂ ಮುರಿದಿರಲಿಲ್ಲ. ಆ ದಿನ ಭಯ ಅವನ ತಲೆಯಲ್ಲಿ ಬೇರೆ ಲೆಕ್ಕ ಹಾಕಿತು. ಇಪ್ಪತ್ತೈದರಿಂದ ನಲವತ್ತರ ನಡುವಿನ ಆ ಹಾಳು ವೇಗವನ್ನು ಒಂದೇ ನೆಗೆತಕ್ಕೆ ದಾಟಿಬಿಡಬೇಕು. ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿದ.

ಕಾರು ನೆಗೆಯಿತು. ನಲವತ್ತು, ಅರವತ್ತು. ಸುತ್ತಲೂ ಬಿಳುಪು, ದಾರಿ ತೋರಲು ನೆಟ್ಟ ಜುನಿಪರ್ ಗಿಡದ ಕೊಂಬೆಗಳು ಹಿಂದೆ ಓಡುತ್ತಿದ್ದವು. ಸೀಟು ಹಿಂದಕ್ಕೆ ಬಾಗಿಸಿ ಮಲಗಿದ್ದ ಹೆಲ್ವೆ ಆಗಾಗ ಕಣ್ಣು ತೆರೆದು ಮುಚ್ಚುತ್ತಿದ್ದಳು. ಎಲ್ಲಿಗೆ ಬಂತು ಎಂದು ಇವನು ಕೇಳಿದರೆ, ಕಪ್ಪು ಇನ್ನೂ ಅಂಚಿನಲ್ಲೇ ಇದೆ ಅನ್ನುತ್ತಿದ್ದಳು.

ನಡುಗಡಲಿನಲ್ಲಿ ಗಡ್ಡೆಯ ಬಿರುಕೊಂದರ ಮೇಲೆ ಹಲಗೆ ಹಾಸಿದ್ದರು. ಅಲ್ಲಿ ನಿಧಾನಿಸಿ ದಾಟಿ, ಮತ್ತೆ ನೆಗೆಯಲು ಆಕ್ಸಿಲರೇಟರ್ ತುಳಿದ. ಬಾನೆಟ್ಟಿನೊಳಗೆ ಢಬ್ ಎಂದು ಸದ್ದಾಯಿತು. ಎಂಜಿನ್ ಕೆಮ್ಮಿತು, ಹಿಂದೆ ಕರಿಹೊಗೆ ಉಗುಳಿತು. ಎಷ್ಟು ತುಳಿದರೂ ಮುಳ್ಳು ಮೂವತ್ತರ ಆಸುಪಾಸಿನಲ್ಲೇ ಒದ್ದಾಡತೊಡಗಿತು. ಕೆಳಗಿನಿಂದ ಯಾರೋ ಉದ್ದಕ್ಕೆ ನರಳಿದ ಹಾಗೆ ಶಬ್ದ ಬಂತು. ಹಲಗೆಯ ಬದಿಯ ಬಿರುಕಿನಿಂದ ನೀರು ಉಕ್ಕಿ ಹಿಮದ ಮೇಲೆ ಹರಿಯುವುದು ಕನ್ನಡಿಯಲ್ಲಿ ಕಾಣಿಸಿತು. ರೈವೊನ ಕಾಲು ಮರಗಟ್ಟಿ ಪೆಡಲಿನ ಮೇಲೇ ಕೂತಿತ್ತು.

"ಕಾಲು ತೆಗಿ, ರೈವೊ," ಅಂದಳು ಹೆಲ್ವೆ, ಕಣ್ಣು ಮುಚ್ಚಿಕೊಂಡೇ. "ನಿಧಾನಕ್ಕೆ ಬಿಡು. ಅಷ್ಟು ಜೋರು ಬೇಡ."

ಕಾಲು ತೆಗೆದ. ಮುಳ್ಳು ಇಳಿಯಿತು, ನರಳಾಟ ನಿಂತಿತು. ಎಂಜಿನ್ ಇನ್ನಷ್ಟು ಸೋತು, ಈಗ ಆಳಿನ ನಡಿಗೆಗಿಂತ ಜೋರಾಗಿ ಎಳೆಯುತ್ತಿರಲಿಲ್ಲ. ಏನಾಗಿದೆ ಎಂದು ರೈವೊನಿಗೆ ನೋಡದೆಯೇ ಗೊತ್ತಾಯಿತು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸು ಚಳಿಗೆ ಸೆಟೆದು, ತಾನೇ ಏರಿಸಿದ ಒತ್ತಡಕ್ಕೆ ಕಿತ್ತು ಹೊರಬಂದಿದೆ. ಕೂರಿಸಿದರೆ ಕಾರು ಓಡುತ್ತದೆ. ಆದರೆ ಕೂರಿಸಲು ನಿಲ್ಲಿಸಬೇಕು. ನಿಲ್ಲಿಸಿ ಇಳಿಯಬೇಕು. ಹೀಗೇ ತೆವಳುತ್ತಾ ಹೋದರೆ ದಡ ಸೇರುವಷ್ಟರಲ್ಲಿ ಕತ್ತಲು.

"ಎಲ್ಲಿಗೆ ಬಂತು?" ಎಂದು ಕೇಳಿದ.

"ಅಲ್ಲೇ ಇದೆ ಕಣೋ. ನಡುವಿಗೆ ಇನ್ನೂ ದೂರ ಇದೆ. ನೀನು ಇಳಿದು ನೋಡು."

ಅವನು ಇಳಿದ. ಕಾಲಡಿಯ ಗಡ್ಡೆ ಗಾಜಿನಂತೆ ಕಪ್ಪಗಿತ್ತು, ಅದರೊಳಗೆ ಗುಳ್ಳೆಗಳು ಹೆಪ್ಪುಗಟ್ಟಿ ನಿಂತಿದ್ದವು. ಅವನಿಗೆ ಅಪ್ಪನ ಮುಖ ಕಾಣಬಹುದೆಂಬ ಹೆದರಿಕೆ. ನಿಂತ ಕಾರಿನ ಭಾರಕ್ಕೆ ಎಲ್ಲೋ ದೂರದಲ್ಲಿ ಟಣ್ ಎಂದು ತಂತಿ ಕಡಿದಂಥ ಸದ್ದು, ಆಮೇಲೆ ಹತ್ತಿರದಲ್ಲಿ ಇನ್ನೊಂದು. ಬಾನೆಟ್ ಎತ್ತಿದ. ಹೋಸಿನ ಬಾಯಿ ಕಲ್ಲಾಗಿತ್ತು, ಎಷ್ಟು ಅಮುಕಿದರೂ ಒಳಗೆ ಕೂರಲೊಲ್ಲದು. ಫ್ಲಾಸ್ಕಿನ ಚಹಾ ತಂದು ಅದರ ಮೇಲೆ ಸುರಿದ. ಅರ್ಧ ಕೆಳಗೆ ಚೆಲ್ಲಿತು. ಬೂಟಿನ ಸುತ್ತ ಒದ್ದೆ ಕಂಡು, ನೀರು ಮೇಲೆ ಬಂತೆಂದೇ ತಿಳಿದು ಅವನು ಬಾನೆಟ್ಟನ್ನು ತಬ್ಬಿ ನಿಂತುಬಿಟ್ಟ. ಚಹಾ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಐವತ್ತು ದಾಟಿದ ಗಂಡಸು, ಅಲ್ಲಿ ಬಗ್ಗಿ ಹೋಸು ಅಮುಕುತ್ತಾ ಬಿಕ್ಕಿ ಬಿಕ್ಕಿ ಅತ್ತ. ಬಿಸಿಗೆ ಹೋಸು ಮೆದುವಾಗಿ ಕೊನೆಗೆ ಒಳಗೆ ಕೂತಿತು. ಕ್ಲಿಪ್ಪಿನ ಸ್ಕ್ರೂ ಬಿಗಿದು ಓಡಿಬಂದು ಕೂತವನು, ಮೊದಲು ನಾಬನ್ನು ಕೆಳಕ್ಕೆ ತಿರುಗಿಸಿದ.

ಆಮೇಲೆ ದಡ ಬಂದದ್ದು, ತಾಲಿನ್ನಿನ ತನಕ ಓಡಿಸಿದ್ದು ಅವನಿಗೆ ಅಷ್ಟಾಗಿ ನೆನಪಿಲ್ಲ. ಆಪರೇಷನ್ ಅದೇ ಸಂಜೆ ಆಯಿತು. ಮುಗಿಸಿ ಬಂದ ಡಾಕ್ಟರಮ್ಮ, ಪದರವನ್ನು ಅಂಟಿಸಿದ್ದೇವೆ, ಆದರೆ ನಡುಭಾಗವೂ ಕಿತ್ತುಬಂದಿತ್ತು, ಕಿತ್ತು ತುಂಬ ಹೊತ್ತಾದ ಹಾಗಿಲ್ಲ ಎಂದರು. ಆ ಕೊನೆಯ ಮಾತು ರೈವೊನ ಎದೆಗೆ ನಾಟಿತು. ನಾಬು ತಿರುಗಿಸದೇ ಇದ್ದಿದ್ದರೆ ಉಳಿಯುತ್ತಿದ್ದ ಹೊತ್ತು ಎಷ್ಟೆಂದು ಅವನಿಗೆ ಗೊತ್ತಿತ್ತು.

ಮಂಚದ ಪಕ್ಕ ಕೂತು ನಾಬಿನ ಸಂಗತಿಯನ್ನೆಲ್ಲ ಹೇಳಿಕೊಂಡ. ಹೆಲ್ವೆ ಅವನ ಕೈ ಹುಡುಕಿ ಹಿಡಿದಳು.

"ನಿನ್ನಿಂದ ಏನೂ ಆಗಿಲ್ಲ. ದಡ ಬಿಡೋ ಮೊದಲೇ ಕಪ್ಪು ನಡುವಿಗೆ ಬಂದಿತ್ತು. ಹೇಳಿದ್ರೆ ನೀನು ಕಾರು ಹತ್ತುತ್ತಾನೇ ಇರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ."

ಈಗ ಹೆಲ್ವೆ ಮತ್ತೆ ಹೊಲಿಯುತ್ತಾಳೆ. ನೇರ ಗೆರೆ ಅವಳಿಗೆ ಸೊಟ್ಟಗೆ ಕಾಣುತ್ತದೆ, ಅಂಚನ್ನು ಬೆರಳಿನಿಂದ ಸವರಿ ನೋಡಿಕೊಂಡು ಹೊಲಿಗೆ ಹಾಕುತ್ತಾಳೆ. ನಡುಗಡಲಿನಲ್ಲಿ ಕಾರು ನಿಲ್ಲಿಸಿ ಇಳಿದ ಗಂಡೆದೆಯವನೆಂದು ಊರು ರೈವೊನನ್ನು ಹೊಗಳುತ್ತದೆ, ಆಂಟ್ಸ್ ಕೂಡ ತಮಾಷೆ ಬಿಟ್ಟಿದ್ದಾನೆ. ಸಂಜೆ ಒಲೆಯ ಪಕ್ಕ ಅವಳು ಬಟ್ಟೆ ಹಿಡಿದು ಕೂತಾಗ ರೈವೊ ಎದುರಿಗೇ ಕೂರುತ್ತಾನೆ. ಕಪ್ಪು ನಡುವಿಗೆ ಇನ್ನೂ ದೂರ ಇದೆ ಎಂದು ಕಡಲ ಮೇಲೆ ಹೇಳಿದಳಲ್ಲ, ಅದು ಸುಳ್ಳೋ, ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳೋ ಎಂದು ಕೇಳಬೇಕೆಂದುಕೊಳ್ಳುತ್ತಾನೆ. ಎದ್ದು ಒಲೆಗೆ ಇನ್ನೊಂದು ಸೌದೆ ಒಟ್ಟುತ್ತಾನೆ. ಇವತ್ತಿನವರೆಗೂ ಕೇಳಿಲ್ಲ.